ಗಾಳಿ ಹಿಡಿದ ಪಂಪು

"ಮೇಲೆ ಮಾತ್ರ ತೂತು ಬೇಡ."

ಹೊಸ ಕಂಪ್ಯೂಟರ್ ಮಾಡಿಸುವಾಗ ವಿನುತಾ ಹಾಕಿದ್ದು ಇದೊಂದೇ ಷರತ್ತು. ಕುಶಾಲನಗರದ ಅಂಗಡಿಯ ಆನಂದ್ ತಲೆ ಕೆರೆದುಕೊಂಡ.

"ಮೇಡಂ, ಇದು ನೀರಲ್ಲಿ ತಣ್ಣಗಾಗೋ ಸಿಸ್ಟಮ್ಮು. ರೇಡಿಯೇಟರ್ ಮೇಲ್ಗಡೆ ಕೂತ್ರೇ ಒಳ್ಳೇದು. ಬಿಸಿ ಎಲ್ಲಾ ಮೇಲಿಂದ ಹೋಗ್ಬಿಡುತ್ತೆ."

"ನಿಮ್ಮ ಬಿಸಿ ಹೋಗೋ ಜಾಗದಲ್ಲೇ ನಮ್ಮೂರಲ್ಲಿ ನೀರು ಬರುತ್ತೆ ಆನಂದ್. ಅಡಿಗೆ ಹಾಕಿ. ಮೇಲ್ಗಡೆ ತಗಡು ಹೊಡೆದು ಮುಚ್ಚಿ."

ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಶನಿವಾರಸಂತೆ ಕಡೆಯ ಅವರ ಮನೆ ತಾರಸಿಯದೇ ಆದರೂ, ಮೇಲೆ ಶೀಟು ಹೊದಿಸಿದ್ದರೂ, ಪುಷ್ಯ ಮಳೆ ಹಿಡಿದು ಕೂತರೆ ನಡುಕೋಣೆಯ ಸೂರಿನ ಒಂದು ಬಿರುಕು ಒಸರಲು ಶುರುಮಾಡುತ್ತಿತ್ತು. ಹಳೇ ಕಂಪ್ಯೂಟರು ಸತ್ತದ್ದು ಹಾಗೆಯೇ. ನೆತ್ತಿಯ ಜಾಲರಿಯೊಳಕ್ಕೆ ರಾತ್ರಿಯೆಲ್ಲ ತೊಟ್ಟಿಕ್ಕಿ, ಬೆಳಗ್ಗೆ ಸ್ವಿಚ್ಚು ಹಾಕಿದರೆ ಚಟ್ ಎಂದಿತು; ಸ್ಟುಡಿಯೋಗೆಂದು ಅವಳು ಜೋಡಿಸಿಕೊಡುತ್ತಿದ್ದ ಎರಡು ಮದುವೆಗಳ ವಿಡಿಯೋ ಅದರ ಜೊತೆಗೇ ಹೋಯಿತು. ಒಂದು ಹುಡುಗಿಯ ತಾಯಿ ಮನೆ ಬಾಗಿಲಿಗೆ ಬಂದು ಅತ್ತದ್ದನ್ನು ವಿನುತಾ ಇನ್ನೂ ಮರೆತಿರಲಿಲ್ಲ. ಆಮೇಲೆ ಆ ಮನೆಯಲ್ಲಿ ಟಿವಿಯಿಂದ ಹಿಡಿದು ಮಿಕ್ಸಿಯವರೆಗೆ ತಲೆಯ ಮೇಲೆ ಪ್ಲಾಸ್ಟಿಕ್ ಹೊದ್ದುಕೊಳ್ಳದ ವಸ್ತುವೇ ಇಲ್ಲ.

ಸರಿ, ಗಿರಾಕಿ ಹೇಳಿದ ಹಾಗೆ ಆಗಲಿ ಎಂದು ಆನಂದ್ ರೇಡಿಯೇಟರನ್ನು ಪೆಟ್ಟಿಗೆಯ ತಳಕ್ಕೆ ಕೂರಿಸಿದ. ಪ್ರೊಸೆಸರಿನ ಬೆನ್ನ ಮೇಲೆ ಅಂಗೈಯೊಳಗೆ ಮುಚ್ಚಿಹೋಗುವಷ್ಟು ಸಣ್ಣ ಪಂಪು, ಅಲ್ಲಿಂದ ಕೆಳಕ್ಕೆ ಇಳಿಯುವ ಎರಡು ಕಪ್ಪು ಕೊಳವೆ. ಬಿಸಿಯಾದ ನೀರು ಕೆಳಗಿಳಿದು, ಫ್ಯಾನಿನ ಗಾಳಿಗೆ ತಣ್ಣಗಾಗಿ, ಮತ್ತೆ ಮೇಲಕ್ಕೆ. ಒಳಗಿರುವ ನೀರೆಲ್ಲ ಸೇರಿದರೂ ಒಂದು ಲೋಟ ತುಂಬಲಿಕ್ಕಿಲ್ಲ. "ಬರೀ ಫ್ಯಾನಿನದ್ದಕ್ಕಿಂತ ಇದು ಸೈಲೆಂಟು ಮೇಡಂ, ಇದೆಯೋ ಇಲ್ವೋ ಅಂತಾನೇ ಗೊತ್ತಾಗಲ್ಲ" ಎಂದು ಹೇಳಿ ಕಳಿಸಿದ.

ಒಂದು ತಿಂಗಳು ಹಾಗೇ ಇತ್ತು ಕೂಡ. ಜೂನ್ ಕಳೆಯುವಷ್ಟರಲ್ಲಿ ಪೆಟ್ಟಿಗೆ ದನಿ ತೆಗೆಯಿತು. ಮೊದಲು ಆಗಾಗ ಗುಳುಗುಳು ಎನ್ನುವುದು, ಹೊಟ್ಟೆ ಕೆಟ್ಟ ಕರುವಿನ ಹಾಗೆ. ಆಮೇಲೆ ಅದರ ಜೊತೆಗೆ ಸಣ್ಣಗೆ, ಎಡೆಬಿಡದೆ, ಹಲ್ಲಿನ ಸಂದಿಗೆ ನಾಟುವಂಥ ಒಂದು ಕುಂಯ್ ಸದ್ದು. ಆನಂದ್‌ಗೆ ಫೋನಿನಲ್ಲಿ ಕೇಳಿಸಿದರೆ, "ಹೊಸದು ಮೇಡಂ, ಸ್ವಲ್ಪ ದಿನ ಓಡ್ಲಿ, ಸೆಟ್ಟಾಗುತ್ತೆ" ಎಂದ.

ಕಂಪ್ಯೂಟರಿದ್ದ ನಡುಕೋಣೆಗೂ ಹಜಾರಕ್ಕೂ ನಡುವೆ ಇದ್ದದ್ದು ಒಂದು ಪರದೆ ಮಾತ್ರ. ಹಜಾರದಲ್ಲಿ ಮಾವ ರೇವಣ್ಣನವರ ಮಂಚ.

ರೇವಣ್ಣನವರಿಗೆ ಎಪ್ಪತ್ತೆಂಟು. ನಲವತ್ತು ವರ್ಷ ಅವರು ಡೀಸೆಲ್ ಪಂಪಿನ ಜೊತೆ ಬಾಳಿದವರು. ಫೆಬ್ರವರಿ ಬಂದು ಕಾಫಿ ಹೂವಿಗೆ ನೀರು ಹಾರಿಸುವ ಕಾಲವಾಯಿತೆಂದರೆ ಸುತ್ತಲ ಎಸ್ಟೇಟುಗಳ ಲೆಕ್ಕ ನೋಡುವ ರೈಟರುಗಳು ಜೀಪು ಕಳಿಸಿ ಇವರನ್ನು ಕರೆಸಿಕೊಳ್ಳುತ್ತಿದ್ದರು. ಪಂಪು ಬಿಚ್ಚುವುದಕ್ಕೆ ಮುಂಚೆ ಇವರು ಕೆರೆಯ ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಬೀಡಿ ಮುಗಿಯುವ ತನಕ ಸುಮ್ಮನೆ ಅದರ ಸದ್ದು ಕೇಳುತ್ತಿದ್ದರಂತೆ. ಎದ್ದಾಗ ರೋಗ ಗೊತ್ತಾಗಿರುತ್ತಿತ್ತು. ಅಂಥವರ ಕಿವಿಯೇ ಮಂದವಾಯಿತು. ಎರಡು ವರ್ಷದ ಹಿಂದೆ ಮಗ ಶಿವಪ್ರಕಾಶ ಮೈಸೂರಿಗೆ ಕರೆದುಕೊಂಡು ಹೋಗಿ ಕಿವಿಗೆ ಮಿಷನ್ನು ಹಾಕಿಸಿಕೊಂಡು ಬಂದ. ಬಂದ ದಿನ ಮುದುಕ ಅಂಗಳದಲ್ಲಿ ನಿಂತು, "ಅಯ್ಯೋ, ಈ ಕಾಗೆಗಳು ಇನ್ನೂ ಬದುಕವೆ!" ಎಂದಿದ್ದರು.

ಮಿಷನ್ನಿನಿಂದ ಅವರಿಗೆ ಆದ ದೊಡ್ಡ ಲಾಭ ಮೊಮ್ಮಗಳು ಶೋಭಿತಾ. ಅವರು ಶಾಲೆಯಲ್ಲಿ ಎರಡನೇ ಕ್ಲಾಸು ದಾಟಿದವರಲ್ಲ. ಓದು ತಲೆಗೆ ಹತ್ತಿರಲಿಲ್ಲ. ಸಂಜೆ ಸ್ಕೂಲ್ ವ್ಯಾನು ಇಳಿದು ಬಂದ ಹುಡುಗಿ ಹಾಲು ಕುಡಿದು, ತಾತನ ಮಂಚದ ಮೇಲೆ ಕಾಲು ಇಳಿಬಿಟ್ಟು ಕನ್ನಡ ಪಾಠ ಗಟ್ಟಿಯಾಗಿ ಓದಬೇಕು. ತಾತ ನಡುನಡುವೆ ಅಡ್ಡಪ್ರಶ್ನೆ ಹಾಕಬೇಕು. "ಆ ನರಿಗೆ ದ್ರಾಕ್ಷಿ ಯಾಕೆ ಬೇಕಾಗಿತ್ತು? ನರಿ ಎಲ್ಲಾದ್ರೂ ದ್ರಾಕ್ಷಿ ತಿಂತದಾ? ನಿಮ್ಮ ಮಿಸ್ಸನ್ನ ಕೇಳ್ಕಂಡು ಬಾ." ಹೀಗೆ ಒಂದನೇ ಕ್ಲಾಸು, ಎರಡನೇ ಕ್ಲಾಸು ಮುಗಿಸಿ, ಜೂನಿನಲ್ಲಿ ಹೊಸ ಪುಸ್ತಕ ಬಂದಾಗ ಅವರು ಬಂದವರ ಮುಂದೆಲ್ಲ ಹೇಳಿಕೊಂಡರು: "ನಾನೂ ಮೂರನೇ ಕ್ಲಾಸಿಗೆ ಬಂದೆ."

ಪೆಟ್ಟಿಗೆ ದನಿ ತೆಗೆದ ಮಾರನೆಯ ದಿನವೇ ಅವರು ಪರದೆ ಸರಿಸಿ ಇಣುಕಿದರು.

"ವಿನುತಾ, ಅದ್ರ ಹೊಟ್ಟೇಲಿ ಗಾಳಿ ಹಿಡ್ಕಂಡೈತೆ ಕಣವ್ವ."

"ಹೂಂ ಮಾವ."

ಎರಡು ದಿನ ಬಿಟ್ಟು ಮತ್ತೆ. "ಗಾಳಿ ತೆಗೀದೆ ಓಡಿಸ್ಬ್ಯಾಡ, ಪಂಪು ಸವೀತದೆ." ವಿನುತಾ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಮನೆಯವರಿಗೆ ಹಿತ್ತಲ ಗಿಡ ಯಾವತ್ತಿಗೆ ಮದ್ದಾಗಿದೆ?

ಜುಲೈ ಎರಡನೇ ವಾರ. ಹೊರಗೆ ಪುನರ್ವಸು ಮಳೆ ಸುರಿಯುತ್ತಿತ್ತು. ಕರೆಂಟು ಹೋಗಿ ಬಂದು ಮಾಡಿ, ಅರ್ಧ ದಿನದ ಕೆಲಸ ಎರಡು ಸಲ ನೀರುಪಾಲಾಗಿತ್ತು. ಮಡಿಕೇರಿಯ ಸ್ಟುಡಿಯೋದವರು ಬೆಳಗಿನಿಂದ ಐದು ಬಾರಿ ಫೋನು ಮಾಡಿದ್ದರು. ಒಲೆಯ ಮೇಲೆ ಸಾರು, ಜಗಲಿಯಲ್ಲಿ ಒಣಗದ ಬಟ್ಟೆ, ಶೋಭಿತಾಗೆ ಕೆಮ್ಮು. ಕುಂಯ್ ಎನ್ನುವ ಆ ಸದ್ದಿನಲ್ಲಿ ವರನ ತಂದೆಯ ಮಾತು ಎಲ್ಲಿ ಕತ್ತರಿಸಬೇಕೆಂದು ಅವಳು ಹೆಡ್‌ಫೋನು ಒತ್ತಿ ಹಿಡಿದು ಕೇಳುತ್ತಿದ್ದಾಗ ಪರದೆ ಸರಿಯಿತು.

"ಅವ್ವಾ, ನಾನು ಹೇಳಾದು ಕೇಳು ಒಂದ್ಸಲ. ನನ್ನ ಮಿಷನ್ನಿಗೆ ಅದು ಭಾರಿ ಚುಚ್ತದೆ. ಆ ಪಂಪು..."

ಅವಳು ಹೆಡ್‌ಫೋನು ಕಿತ್ತು ಮೇಜಿನ ಮೇಲೆ ಒಗೆದಳು.

"ಮಾವ, ಇದು ನಿಮ್ಮ ಕೆರೆ ಪಂಪಲ್ಲ! ನಿಮ್ಗೆ ಕೇಳ್ಸೋದೇ ಅರ್ಧ, ಆ ಅರ್ಧದಲ್ಲಿ ಇದೊಂದೇ ಕೇಳ್ಸ್ಬೇಕಾ? ಅಷ್ಟು ಕಷ್ಟ ಆದ್ರೆ ಕಿವಿ ಮಿಷನ್ ತೆಗೆದಿಟ್ಕೊಳಿ!"

ರೇವಣ್ಣನವರು "ಹೂಂ, ಅದೂ ಸರೀನೆ" ಎಂದು ಪರದೆಯನ್ನು ಮೊದಲಿನ ಹಾಗೆಯೇ ನೆಟ್ಟಗೆ ಎಳೆದು ಹೋದರು. ಸಾರು ಉಕ್ಕಿದ ವಾಸನೆ ಬಂತು, ವಿನುತಾ ಒಳಗೆ ಓಡಿದಳು. ಸಂಜೆಯ ಹೊತ್ತಿಗೆ ತಾನು ಏನಂದೆ ಎನ್ನುವುದೇ ಅವಳಿಗೆ ನೆನಪಿರಲಿಲ್ಲ.

ಮಾವ ಮತ್ತೆ ಆ ಸದ್ದಿನ ಸುದ್ದಿ ಎತ್ತಲಿಲ್ಲ. ಒಗ್ಗಿಹೋಯಿತೇನೋ ಎಂದುಕೊಂಡಳು. ಮಾತೂ ಕಡಿಮೆಯಾಯಿತು. ಮುನಿಸೇನೋ, ವಯಸ್ಸಾದವರ ಮುನಿಸು ಮಳೆಯ ಹಾಗೆ, ತಾನಾಗಿ ಬಿಡಬೇಕು ಎಂದುಕೊಂಡಳು. ಒಳಗೊಳಗೇ, ಒಬ್ಬರಾದರೂ ಸುಮ್ಮನಾದರಲ್ಲ ಎನ್ನುವ ನಿರಾಳವೂ ಇತ್ತೆಂದು ಆಮೇಲೆ, ತುಂಬ ಆಮೇಲೆ, ಅವಳು ತನಗೆ ತಾನೇ ಒಪ್ಪಿಕೊಳ್ಳಬೇಕಾಯಿತು.

ಸದ್ದಿನ ಜೊತೆ ಅವಳ ಯುದ್ಧ ಮಾತ್ರ ನಡೆದೇ ಇತ್ತು. ಸವೆದ ಹವಾಯಿ ಚಪ್ಪಲಿ ಕತ್ತರಿಸಿ ಪೆಟ್ಟಿಗೆಯ ನಾಲ್ಕು ಕಾಲಿಗೆ ಕೊಟ್ಟಳು. ಫ್ಯಾನಿನ ತಿರುಪುಗಳಿಗೆ ರಬ್ಬರಿನ ಬಳೆ ಹಾಕಿದಳು. ಗೋಡೆಗೆ ಕಾಫಿ ಚೀಲ ತೂಗುಹಾಕಿದಳು. ಸದ್ದು ಸ್ವಲ್ಪ ಮಂಕಾಯಿತು, ಕೋಣೆಯೆಲ್ಲ ಗೋಣಿಯ ಘಾಟು. ಫೋನಿನಲ್ಲಿ ನೋಡಿ ಕಲಿತು ಪಂಪಿನ ವೇಗ ತಗ್ಗಿಸಿದಳು: ಕುಂಯ್ ಅಡಗಿತು, ಆದರೆ ಒಂದು ಹಾಡು ಜೋಡಿಸುವಷ್ಟರಲ್ಲಿ ಪ್ರೊಸೆಸರು ತೊಂಬತ್ತು ಡಿಗ್ರಿ ಮುಟ್ಟಿ ಪೆಟ್ಟಿಗೆ ತಾನೇ ಕಣ್ಣು ಮುಚ್ಚಿತು. ಮತ್ತೆ ಏರಿಸಿದಳು. ಆನಂದ್ ಒಂದು ಸಲ ಬಂದು ಧೂಳು ಊದಿ, ಫ್ಯಾನು ಬದಲಿಸಿ, "ನಾನೂ ನೀರಿನ ಸಿಸ್ಟಮ್ಮು ಕೂರ್ಸಿದ್ದು ಇದು ಎರಡನೇದು ಮೇಡಂ" ಎಂದು ನಿಜ ಹೇಳಿ ಹೋದ.

ಶ್ರಾವಣದಲ್ಲಿ ಒಂದು ಸಂಜೆ ಶೋಭಿತಾ ಪುಸ್ತಕ ಹಿಡಿದುಕೊಂಡು ಕೋಣೆಗೆ ಬಂದಳು.

"ಅಮ್ಮಾ, ತಾತ ಕೇಳಿಸ್ಕೊಳ್ಳೋದೇ ಇಲ್ಲ. ಬರೀ ಹೂಂ ಅಂತಾರೆ. ಇಲಿ ಸತ್ತೋಯ್ತು ಅಂದ್ರೂ ಹೂಂ, ಇಲಿಗೆ ಮದ್ವೆ ಆಯ್ತು ಅಂದ್ರೂ ಹೂಂ."

"ತಾತಂಗೆ ನಿದ್ದೆ ಬಂದಿರ್ಬೇಕು. ಹೋಗು, ಟಿವಿ ನೋಡು."

ಹುಡುಗಿ ಟಿವಿ ನೋಡಿದಳು. ಮರುದಿನವೂ ನೋಡಿದಳು. ದೀಪಾವಳಿ ಹೊತ್ತಿಗೆ ಮಂಚದ ಮೇಲೆ ಪುಸ್ತಕ ಬಿಚ್ಚುವುದು ನಿಂತೇಹೋಗಿತ್ತು. "ತಾತ ಮೂರನೇ ಕ್ಲಾಸಲ್ಲೇ ಫೇಲು" ಎಂದು ಪಕ್ಕದ ಮನೆಯ ಕಾಮಾಕ್ಷಮ್ಮನ ಮುಂದೆ ಅವಳು ಹೇಳಿದಾಗ ಎಲ್ಲರೂ ನಕ್ಕರು. ಎಲ್ಲರೂ ನಗುವುದನ್ನು ನೋಡಿ ರೇವಣ್ಣನವರೂ ನಕ್ಕರು.

ಮಾರ್ಚ್ ಮೊದಲ ವಾರ ಅವರ ತೋಟದ ರೊಬಸ್ಟಾ ಕಾಫಿಯ ಮೊಗ್ಗು ನೀರಿಗೆ ಕಾದು ನಿಂತಿತ್ತು. ಮಳೆ ಬರುವ ಲಕ್ಷಣವಿಲ್ಲ. ಇನ್ನು ನಾಲ್ಕು ದಿನ ತಡೆದರೆ ಮೊಗ್ಗು ಸುಟ್ಟುಹೋಗುತ್ತದೆ. ಶಿವಪ್ರಕಾಶ ಬೆಳಗಿನಿಂದ ಕೆರೆಯ ದಂಡೆಯಲ್ಲಿ ಪಂಪಿನೊಡನೆ ಗುದ್ದಾಡುತ್ತಿದ್ದ. ಹನ್ನೊಂದು ಗಂಟೆಗೆ ವಿನುತಾ ಕಾಫಿ, ರೊಟ್ಟಿ ತೆಗೆದುಕೊಂಡು ಹೋದಾಗ ಅವನ ಮೈಯೆಲ್ಲ ಡೀಸೆಲ್, ಬಾಯಲ್ಲಿ ಬೈಗುಳ. ಎಂಜಿನ್ನು ಓಡುತ್ತದೆ, ನೀರು ಮಾತ್ರ ಏರುವುದಿಲ್ಲ. ತುಸು ದೂರದಲ್ಲಿ ತಲೆಗೆ ಟವಲು ಸುತ್ತಿಕೊಂಡು ರೇವಣ್ಣನವರು ಕೂತಿದ್ದರು.

"ಅಪ್ಪಯ್ಯಂಗೆ ತೋರಿಸ್ಬಾರ್ದಾ?" ಎಂದಳು.

"ಎಂಟು ತಿಂಗ್ಳಿಂದ ಮಾತಾಡ್ಸಿದ್ರೆ ಹೂಂ ಬಿಟ್ರೆ ಇನ್ನೊಂದಿಲ್ಲ. ಏನು ತೋರಿಸೋದು?"

ಆದರೆ ಮುದುಕ ಆಗಲೇ ಎದ್ದಿದ್ದರು. ಎಂದಿನ ಹಾಗೆ ಕೂತು ಸದ್ದು ಕೇಳಲಿಲ್ಲ ಅವರು, ಅದನ್ನು ಯಾರೂ ಗಮನಿಸಲಿಲ್ಲ. ಕೆರೆಯಿಂದ ಪಂಪಿಗೆ ಬರುವ ಕೊಳವೆಯ ಮೇಲೆ ಅಂಗೈ ಇಟ್ಟರು. ಹಸುವಿನ ಬೆನ್ನು ಸವರುವ ಹಾಗೆ ನಿಧಾನಕ್ಕೆ ಸವರಿಕೊಂಡು ಬಂದರು. ಕೊಳವೆಗೆ ಆಸರೆಯಾಗಲೆಂದು ಮಗ ಕಲ್ಲು ಪೇರಿಸಿದ್ದ ಕಡೆ ಅದು ಒಂದಿಷ್ಟು ಬೆನ್ನು ಎತ್ತಿಕೊಂಡಿತ್ತು. ಕೈ ಅಲ್ಲಿ ನಿಂತಿತು.

"ಈ ಕಲ್ಲು ತೆಗಿ. ಇಲ್ಲಿ ಕುಂತೈತೆ."

"ಏನು?"

ಅವನ ಪ್ರಶ್ನೆ ಅವರಿಗೆ ತಲುಪಲಿಲ್ಲ. ತಮ್ಮಷ್ಟಕ್ಕೆ ಹೇಳುತ್ತಲೇ ಹೋದರು. "ಗಾಳಿ ಅನ್ನಾದು ಬಡ್ಡೀಮಗಂದು. ಎಲ್ಲಿ ಎತ್ತರ ಸಿಗ್ತದೋ ಅಲ್ಲಿ ಹೋಗಿ ಕುಂತ್ಕತದೆ. ಪಂಪು ನೀರು ಎಳೀಬೇಕಾ, ಗಾಳಿ ಅಗೀಬೇಕಾ? ನೀನು ಪಂಪನ್ನ ಬೈದ್ರೆ ಏನು ಬಂತು?"

ಕಲ್ಲು ತೆಗೆದರು. ಕೊಳವೆ ನೇರಕ್ಕೆ ಇಳಿಯಿತು. ಮತ್ತೆ ನೀರು ತುಂಬಿ ಎಂಜಿನ್ನು ಹೊಡೆದಾಗ, ಮೊದಲು ಗುಳುಗುಳು ಎಂದಿತು. ಆಮೇಲೆ ಕುಂಯ್ ಎಂದಿತು. ವಿನುತಾಳ ಕೈಯಲ್ಲಿದ್ದ ಲೋಟ ನಿಂತಿತು. ಎಂಟು ತಿಂಗಳಿಂದ ಅವಳ ಹಲ್ಲಿನ ಸಂದಿಯಲ್ಲಿದ್ದ ಸದ್ದು ಅದೇ, ದಪ್ಪ ಗಂಟಲಿನಲ್ಲಿ. ನೋಡುತ್ತಿದ್ದ ಹಾಗೆ ಅದು ಕಡಿದು, ಪಂಪು ಗಂಭೀರವಾಗಿ ಉಸಿರಾಡತೊಡಗಿತು; ತೋಟದ ನೆತ್ತಿಯಲ್ಲಿ ನೀರು ಛತ್ರಿಯಾಗಿ ಬಿಚ್ಚಿಕೊಂಡಿತು.

ಎತ್ತರ ಸಿಕ್ಕಲ್ಲಿ ಹೋಗಿ ಕೂರುತ್ತದೆ. ಅವಳ ಪೆಟ್ಟಿಗೆಯಲ್ಲಿ ಎತ್ತರದಲ್ಲಿದ್ದದ್ದು ಯಾವುದು? ಪಂಪು. ಕೆಳಗಿದ್ದದ್ದು ರೇಡಿಯೇಟರು. ಹಾಗೆ ಇಡಿಸಿದ್ದು ಯಾರು?

ಮನೆಗೆ ಬಂದವಳೇ ಕಂಪ್ಯೂಟರಿನ ವೈರುಗಳನ್ನೆಲ್ಲ ಬಿಡಿಸಿ, ಮೇಜಿನ ಮೇಲೆ ಹಳೇ ದುಪ್ಪಟಿ ಹಾಸಿ, ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಅವುಚಿ ತಲೆಕೆಳಗು ಮಾಡಿದಳು. ಹವಾಯಿ ಚಪ್ಪಲಿಯ ನಾಲ್ಕು ಕಾಲು ಸೂರಿಗೆ ಮುಖ ಮಾಡಿದವು. ವೈರು ಸಿಕ್ಕಿಸಿ ಸ್ವಿಚ್ಚು ಹಾಕಿದಳು. ಗುಳುಗುಳು ಎಂದಿತು, ಒಂದು ನಿಮಿಷ; ಗುಳ್ಳೆಗಳು ಮೇಲೇರಿ ಹೋಗುವ ಒಂದು ತೇಗು. ಆಮೇಲೆ ಏನೂ ಇಲ್ಲ. ಮದುವೆಯೊಂದನ್ನು ಪೂರ್ತಿ ಜೋಡಿಸಲು ಕೊಟ್ಟು ಕಾದಳು. ಫ್ಯಾನಿನ ತೆಳ್ಳನೆಯ ಸುಯ್ಲು, ಅಷ್ಟೆ. ಗೋಡೆ ಗಡಿಯಾರ ಕೇಳಿಸಿತು. ಕಾಮಾಕ್ಷಮ್ಮನ ಕುಕ್ಕರು ಕೂಗುವುದು ಕೇಳಿಸಿತು. ಎಂಟು ತಿಂಗಳು, ಗೋಣಿಚೀಲ, ರಬ್ಬರು, ಫ್ಯಾನು... ಎರಡು ಕೈಯ ಒಂದು ಮಗುಚುವಿಕೆ!

ಅವಳಿಗೆ ನಗು ಬಂತು. ಜಗಲಿಯಲ್ಲಿ ಕಾಲು ತೊಳೆಯುತ್ತಿದ್ದ ಮಾವನ ಹತ್ತಿರ ಓಡಿದಳು.

"ಮಾವ, ನೀವು ಹೇಳಿದ್ದೇ ಸರಿ! ಗಾಳಿನೇ! ಬನ್ನಿ, ಕೇಳಿ ಬನ್ನಿ, ಸದ್ದೇ ಇಲ್ಲ!"

"ಹೂಂ" ಎಂದರು, ನಗುತ್ತ.

"ನಿಮ್ಮ ಮಾತು ಅವತ್ತೇ ಕೇಳಿದ್ರೆ ಆಗ್ತಿತ್ತು ಮಾವ."

"ಊಟ ಆಮೇಲೆ ಮಾಡ್ತೀನಿ ತಗ. ಹಸಿವಿಲ್ಲ."

ವಿನುತಾ ಅವರ ಮುಖ ನೋಡಿದಳು. ಕೈ ಹಿಡಿದು ಒಳಗೆ ಕರೆತಂದಳು. ಕಾಲು ಮೇಲೆ ಮಾಡಿ ಬಿದ್ದಿದ್ದ ಪೆಟ್ಟಿಗೆಯನ್ನು ಕಂಡು ಅವರು, "ಇದೇನವ್ವಾ, ಆಮೆ ಮಗುಚಿದ ಹಂಗೆ" ಎಂದು ನಕ್ಕರು. ಆಮೇಲೆ ಏನೋ ಹೊಳೆದು, ಹತ್ತಿರ ಹೋಗಿ, ಅದರ ಪಕ್ಕಕ್ಕೆ ಅಂಗೈ ಇಟ್ಟು ಕಣ್ಣು ಮುಚ್ಚಿದರು.

"ಗಾಳಿ ಹೋಗೈತೆ," ಎಂದರು.

ಅವಳು ತನ್ನ ಕಿವಿ ಮುಟ್ಟಿ, ಎಲ್ಲಿ ಎಂದು ಕೈಯಲ್ಲೇ ಕೇಳಿದಳು. ಅವರು ಟವಲು ಬಿಚ್ಚಿದರು. ಮಳೆಗಾಲದಲ್ಲಿ ಮಂಕಿ ಟೋಪಿ, ಚಳಿಗೆ ಮಫ್ಲರು, ಬಿಸಿಲಿಗೆ ಟವಲು. ಆ ಕಿವಿಗಳನ್ನು ಅವಳು ನೋಡಿ ಎಷ್ಟು ಕಾಲವಾಗಿತ್ತು. ಎರಡೂ ಬರಿದಾಗಿದ್ದವು.

"ನೀನೇ ಹೇಳ್ದಲ್ಲವ್ವ, ತೆಗೆದಿಟ್ಕೊಳಿ ಅಂತ. ಹಂಗೇ ತೆಗೆದಿಟ್ಟೆ. ನಿನ್ನ ಕೆಲ್ಸಕ್ಕೆ ನಾನ್ಯಾಕೆ ಅಡ್ಡ ಬರ್ಲಿ?" ಅವರ ದನಿಯಲ್ಲಿ ಮುನಿಸಿನ ಒಂದು ಎಳೆಯೂ ಇರಲಿಲ್ಲ. ಅದಿದ್ದಿದ್ದರೆ ಅವಳಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

ವಿಭೂತಿ ಗಟ್ಟಿ ಇಡುವ ತಗಡಿನ ಡಬ್ಬಿಯಲ್ಲಿ, ಬಟ್ಟೆಯ ಚೂರಿನಲ್ಲಿ ಸುತ್ತಿ, ಅವರು ಮಿಷನ್ನನ್ನು ಜೋಪಾನ ಮಾಡಿದ್ದರು. ಪುಟ್ಟ ಬ್ಯಾಟರಿ ಒಡೆದು ಹಸಿರು ಕಾರಿಕೊಂಡಿತ್ತು. ಕಿವಿಗೆ ಸಿಕ್ಕಿಸುವ ಕೊಳವೆಯೊಳಗೆ ಬೆಳ್ಳಗೆ ಬೂಷ್ಟು. ಆ ಡಬ್ಬಿಯಿಂದ ನಾಲ್ಕೇ ಹೆಜ್ಜೆ ದೂರದಲ್ಲಿ ವಿನುತಾಳ ಗಾಜಿನ ಬೀರು. ಕ್ಯಾಮೆರಾ ಲೆನ್ಸಿಗೆ ಬೂಷ್ಟು ಹಿಡಿಯದಿರಲೆಂದು ಅದರೊಳಗೆ ಮಳೆಗಾಲ ಪೂರ್ತಿ, ಹಗಲೂ ರಾತ್ರಿ, ಒಂದು ಬಲ್ಬು ಉರಿದಿತ್ತು.

ಸಂಜೆ ಗಂಡನಿಗೆ ಎಲ್ಲ ಹೇಳಿದಳು, ತಾನು ಅಂದ ಮಾತನ್ನೂ ಬಿಡದೆ. ಅವನು ಬೈದಿದ್ದರೆ ಚೆನ್ನಾಗಿತ್ತು. "ನಂಗೂ ಗೊತ್ತಾಗ್ಲಿಲ್ವಲ್ಲ" ಎಂದು ಡೀಸೆಲಿನ ಕೈಯನ್ನು ಮತ್ತೆ ಮತ್ತೆ ಉಜ್ಜಿಕೊಂಡ. "ಮುನಿಸ್ಕೊಂಡವರೆ ಅಂತ ನಾನೂ ಮಾತು ಬಿಟ್ಟೆ."

ಮೈಸೂರಿನಲ್ಲಿ ಕಿವಿ ಪರೀಕ್ಷೆ ಮಾಡಿದ ಹುಡುಗಿ ಹೊಸ ಮಿಷನ್ನು ಕೂರಿಸಿ, ಗಾಜಿನ ಆಚೆಯಿಂದ ಒಂದೊಂದೇ ಪದ ಹೇಳುತ್ತ ಹೋದಳು. ಮರ. ನೀರು. ಮನೆ. ರೇವಣ್ಣನವರು ಪ್ರತಿ ಪದಕ್ಕೂ ಮುಂದಕ್ಕೆ ಬಾಗಿದರು, ಪರೀಕ್ಷೆಗೆ ಕೂತ ಮಗುವಿನ ಹಾಗೆ. ಇಪ್ಪತ್ತರಲ್ಲಿ ಆರು ಸರಿಹೋಯಿತು. ಹೊರಗೆ ಬಂದು ಆ ಹುಡುಗಿ ಹೇಳಿದಳು: "ಮೊದ್ಲೇ ವಯಸ್ಸಾದ ಕಿವಿ. ಇಷ್ಟು ದಿನ ಮಾತೇ ಕೇಳದೆ ಕೂತ್ರೆ ಪದ ಬಿಡಿಸ್ಕೊಳ್ಳೋ ರೂಢಿ ತಪ್ಪಿಹೋಗುತ್ತೆ. ಸದ್ದು ಬರುತ್ತೆ, ಪದ ಬರೋದು ನಿಧಾನ. ದಿನಾ ಯಾರಾದ್ರೂ ಹತ್ರ ಕೂತು ಮಾತಾಡ್ಬೇಕು. ಎಷ್ಟು ವಾಪಸ್ ಬರುತ್ತೋ ಈಗ್ಲೇ ಹೇಳಕ್ಕಾಗಲ್ಲ."

ಬಸ್ಸಿನಲ್ಲಿ ವಿನುತಾ ಅವರ ಕಿವಿಯ ಹತ್ತಿರ ಬಾಗಿ ಕೇಳಿದಳು: "ಮಾವ, ನನ್ನ ದನಿ ಹೆಂಗೆ ಕೇಳ್ಸುತ್ತೆ?"

ಮೂರನೇ ಸಲಕ್ಕೆ ಅವರಿಗೆ ಅರ್ಥವಾಯಿತು. ಯೋಚಿಸಿ ಹೇಳಿದರು: "ಗಾಳಿ ಹಿಡಿದ ಪಂಪಿನ ಹಂಗೆ ಕಣವ್ವ. ಸದ್ದೇನೋ ಬರ್ತದೆ. ನೀರು ಬರಾಕಿಲ್ಲ."

ಜೂನ್ ಬಂತು. ಶೋಭಿತಾ ನಾಲ್ಕನೇ ಕ್ಲಾಸು. ಆನಂದ್ ಬಂದು ರೇಡಿಯೇಟರನ್ನು ನೆತ್ತಿಗೆ ಕೂರಿಸಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಹೋಗಿದ್ದಾನೆ. ಸೂರಿನ ಬಿರುಕಿಗೆ ಶಿವಪ್ರಕಾಶ ಟಾರು ಬಳಿದು, ಅದರ ಕೆಳಗೆ ನೀರು ಹರಿದುಹೋಗಲು ಒಂದು ತಗಡಿನ ದೋಣಿ ಕಟ್ಟಿದ್ದಾನೆ. ಮೊದಲೇ ಮಾಡಬಹುದಾಗಿದ್ದ ಕೆಲಸ.

ಸಂಜೆ ಹುಡುಗಿ ಮತ್ತೆ ತಾತನ ಮಂಚದ ಮೇಲೆ ಕೂರುತ್ತಾಳೆ. ಹೊಸ ಪುಸ್ತಕವಲ್ಲ, ಹಳೇ ಮೂರನೇ ಕ್ಲಾಸಿನದು. ತಾತ ನಿಂತಲ್ಲಿಂದಲೇ ಶುರುಮಾಡಬೇಕೆಂದು ಅವಳದೇ ತೀರ್ಮಾನ. ನಡುಕೋಣೆಯಲ್ಲಿ ವಿನುತಾ ಕೆಲಸ ಮಾಡುತ್ತಾಳೆ. ಈಗ ಅಲ್ಲಿ ಸದ್ದಿಲ್ಲ, ಆದ್ದರಿಂದ ಪರದೆಯ ಆಚೆಯದೆಲ್ಲ ಕೇಳಿಸುತ್ತದೆ. ಹುಡುಗಿ ಒಂದು ಸಾಲು ಓದುತ್ತಾಳೆ. ನಿಲ್ಲಿಸಿ ಮತ್ತೆ ಓದುತ್ತಾಳೆ, ಗಟ್ಟಿಯಾಗಿ. ಮೂರನೇ ಸಲ ಕಿರುಚುತ್ತಾಳೆ.

"ತಾತಾ, ಹೇಳಿ ನೋಡಣ, ಆ ರಾಜ ಎಲ್ಲಿಗೆ ಹೋದ?"

ವಿನುತಾಳ ಕೈ ಕೀಲಿಗಳ ಮೇಲೆ ನಿಲ್ಲುತ್ತದೆ. ಹೊರಗೆ ಮಳೆ ಹೊಯ್ಯುತ್ತಿದೆ. ಅಡ್ಡಪ್ರಶ್ನೆ ಬರಲಿ, ರಾಜನಿಗೇನು ಬೇರೆ ಕೆಲಸವಿರಲಿಲ್ಲವಾ ಅಂತ ಕೇಳಲಿ ಎಂದು ಅವಳು ಉಸಿರು ಹಿಡಿದು ಕಾಯುತ್ತಾಳೆ.

"ಹೂಂ," ಎನ್ನುತ್ತಾರೆ ರೇವಣ್ಣನವರು. ಬಹಳ ಪ್ರೀತಿಯಿಂದ.